ಹಿತ್ತಲಿಗೆ ಬಾರದ ಹನಿ

ಹನಿ ನೀರಾವರಿಯನ್ನು ಹೊಗಳುವವರು ಹೊಲದ ಬದುವಿನಲ್ಲೇ ನಿಂತುಬಿಡುತ್ತಾರೆ. ಮನೆಯ ಹಿತ್ತಲಿಗೆ ಬರುವುದಿಲ್ಲ. ಅಥಣಿ ತಾಲ್ಲೂಕಿನ ಅನಂತಪುರದಂಥ ಬಿಸಿಲು ನಾಡಿನಲ್ಲಿ ಗಿಡದ ಬುಡಕ್ಕೆ ಗಂಟೆಗೆ 2ರಿಂದ 4 ಲೀಟರ್ ನೀರು ತೊಟ್ಟಿಕ್ಕಿಸುವ ಈ ವಿದ್ಯೆ ದೊಡ್ಡದೇ, ಒಪ್ಪೋಣ. ನೀರು ಬೇರಿಗಷ್ಟೇ ಸೇರುತ್ತದೆ, ಕಳೆ ಕಡಿಮೆ.

ಆದರೆ 2015ರಲ್ಲಿ ಬಂದ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಸಹಾಯಧನ ಕೇಳಲು ಹೋದರೆ ಪಹಣಿ ತೋರಿಸಬೇಕು. ಪಹಣಿಯಲ್ಲಿರುವ ಹೆಸರು ಹೆಚ್ಚಾಗಿ ಗಂಡಸರದು. ಮಲ್ಲಿಗೆ, ಕರಿಬೇವು, ಬದನೆಗೆಂದು ದಿನವೂ ಕೊಡ ಹೊರುವವಳ ಹಿತ್ತಲಿಗೆ ಪಹಣಿ ಎಲ್ಲಿಂದ ಬರಬೇಕು?

ಹನಿಯ ಮಿತವ್ಯಯವೇನೂ ಪ್ಲಾಸ್ಟಿಕ್ ನಳಿಕೆಯೊಡನೆ ಹುಟ್ಟಿದ್ದಲ್ಲ. ಗಡಿಗೆ ಹೂತು ಗಿಡ ಬೆಳೆಸುವ ಬಗೆಯನ್ನು ಕ್ರಿಸ್ತಪೂರ್ವ 1ನೇ ಶತಮಾನದ ಚೀನದ ಕೃಷಿಗ್ರಂಥವೇ ಹೇಳಿದೆ. ಸುಟ್ಟ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿದರಾಯಿತು. ಸುತ್ತಲಿನ ಮಣ್ಣು ಒಣಗಿದಂತೆಲ್ಲ ನೀರು ತಾನೇ ಜಿನುಗುತ್ತದೆ. ಇದಕ್ಕೆ ವಿದ್ಯುತ್ತೂ ಬೇಡ, ಅರ್ಜಿಯೂ ಬೇಡ.

ಉಳಿತಾಯವನ್ನು ಎಕರೆಯಲ್ಲಿ ಮಾತ್ರ ಅಳೆಯುವ ಲೆಕ್ಕ ಅರ್ಧ ಲೆಕ್ಕ. ಉಳಿಸಿದ ನೀರಿನಲ್ಲಿ ಕಬ್ಬು ಇನ್ನೊಂದು ಎಕರೆಗೆ ಹಬ್ಬಿದರೆ, ಅವಳ ತಲೆಯ ಮೇಲಿನ ಕೊಡವೇನೂ ಹಗುರಾಗುವುದಿಲ್ಲ.