ದತ್ತಣ್ಣನ ಮೌನ

ದತ್ತಣ್ಣ ಎಂದೇ ಹೆಸರಾದ ನಟ, ಚಿತ್ರದುರ್ಗದ ಎಚ್.ಜಿ. ದತ್ತಾತ್ರೇಯ ಹುಟ್ಟಿದ್ದು 1942ರಲ್ಲಿ. ವಾಯುಪಡೆಯಲ್ಲಿ ಎರಡು ದಶಕ ದಾಟಿದ ಸೇವೆ, ಬಿಡುವಾದಾಗೆಲ್ಲ ನಾಟಕ. ಸಿನಿಮಾ ಕೈಹಿಡಿದಾಗ ನಡುವಯಸ್ಸು ಕಳೆಯುತ್ತಿತ್ತು. ಹಾಗಾಗಿ ಯುವ ನಾಯಕನಾಗಿ ದತ್ತಣ್ಣನನ್ನು ನಾವು ನೋಡಲೇ ಇಲ್ಲ. ನಷ್ಟವೇನೂ ಆಗಲಿಲ್ಲ, ಬಿಡಿ.

ಪಿ. ಶೇಷಾದ್ರಿಯವರ 'ಮುನ್ನುಡಿ'ಗಾಗಿ ಅವರಿಗೆ ಅತ್ಯುತ್ತಮ ಪೋಷಕ ನಟ ರಾಷ್ಟ್ರಪ್ರಶಸ್ತಿ ಬಂತು. ನನಗೆ ಮಾತ್ರ ಹೆಚ್ಚು ಕಾಡುವುದು ಅದೇ ನಿರ್ದೇಶಕರ 'ಭಾರತ್ ಸ್ಟೋರ್ಸ್'. ಮಾಲ್‌ಗಳ ಕಾಲದಲ್ಲಿ ಸೊರಗುವ ದಿನಸಿ ಅಂಗಡಿಯ ಶೆಟ್ಟರು ಅದರಲ್ಲಿ ದತ್ತಣ್ಣ. ರಂಗಭೂಮಿಯಿಂದ ಬಂದ ಎಷ್ಟೋ ಮಂದಿ ಕ್ಯಾಮೆರಾದ ಮುಂದೆಯೂ ಕೊನೆಯ ಸಾಲಿನ ಪ್ರೇಕ್ಷಕನಿಗೆ ಕೇಳಿಸುವಂತೆ ಮಾತಾಡುತ್ತಾರೆ. ದತ್ತಣ್ಣ ದನಿ ತಗ್ಗಿಸುತ್ತಾರೆ. ಮಾತಿಗೆ ಮೊದಲು ಅರೆಕ್ಷಣ ತಡೆಯುತ್ತಾರೆ. ಬಿಳಿ ಗಡ್ಡ, ದಣಿದ ಕಣ್ಣು, ಅಷ್ಟೇ ಸಾಕು. ಅಂಗಡಿಯ ಲೆಕ್ಕವೆಲ್ಲ ಅಲ್ಲೇ ಓದಬಹುದು.

ಇದೇ ಮನುಷ್ಯ 'ನೀರ್ ದೋಸೆ'ಯಲ್ಲಿ ಜಗ್ಗೇಶ್ ಎದುರು ಪೋಲಿತನಕ್ಕೂ ಸೈ. ಎಪ್ಪತ್ತೇಳರ ವಯಸ್ಸಿನಲ್ಲಿ ಹಿಂದಿಯ 'ಮಿಷನ್ ಮಂಗಲ್'ನಲ್ಲಿ ಹಿರಿಯ ವಿಜ್ಞಾನಿಯಾದರು. ಐಐಎಸ್‌ಸಿಯಲ್ಲಿ ಓದಿದವರಿಗೆ ಆ ಪಾತ್ರಕ್ಕೆ ವೇಷವೇ ಬೇಕಿರಲಿಲ್ಲ.