ಭಯಾನಕರಸದ ವಿಭಾವವೂ ಬೆಂಗಳೂರಿನ ಬೀದಿಯೂ

ಭಯಾನಕರಸಕ್ಕೆ ಭಯವು ಸ್ಥಾಯಿಭಾವ. ಅದರ ವಿಭಾವಗಳನ್ನು ಹೇಳುವಾಗ ಭರತಮುನಿಯು ವಿಕೃತಧ್ವನಿ, ಶೂನ್ಯಗೃಹ, ಅರಣ್ಯ ಮೊದಲಾದವನ್ನು ಎಣಿಸಿದ್ದಾನೆ. ಕನ್ನಡದ ಭಯಾನಕ ಚಲಚ್ಚಿತ್ರಗಳ ಪೈಕಿ ಹೆಚ್ಚಿನವು ಈ ಪಟ್ಟಿಯೊಳಗೇ ಉಳಿದಿವೆ. ಜನನಿಬಿಡವಾದ ನಗರದಲ್ಲಿ ಭಯಕ್ಕೆ ಎಡೆಯೆಲ್ಲಿ ಎಂಬುದು ಚರಿತ್ರೆಯ ವಿದ್ಯಾರ್ಥಿಯೂ ಕೇಳಬೇಕಾದ ಪ್ರಶ್ನೆ. ಏಕೆಂದರೆ ಕಥೆಯ ಪ್ರೇತವು ಲೆಕ್ಕಕ್ಕೆ ಬಾರದೆಹೋದ ಒಂದು ಸಾವಿಗೆ ಸಾಕ್ಷಿಯಾಗಿ ನಿಲ್ಲುತ್ತದೆ.

ಬೆಂಗಳೂರಿನ ದಂಡುಪ್ರದೇಶದಲ್ಲಿ ಈ ಪ್ರಶ್ನೆಗೆ ವಿಶೇಷವಾದ ಅರ್ಥವುಂಟು. ಪ್ಲಾಜಾ, ರೆಕ್ಸ್, ಲಿಡೋ ಚಿತ್ರಮಂದಿರಗಳು ಇಂಗ್ಲಿಷ್ ಚಿತ್ರಗಳಿಗೆ ಹೆಸರಾಗಿದ್ದವು. ಕನ್ನಡ ಚಿತ್ರಗಳ ನೆಲೆ ಕೆಂಪೇಗೌಡ ರಸ್ತೆಯಾಗಿತ್ತು. ಹೀಗಾಗಿ ದಂಡಿನ ಪ್ರೇಕ್ಷಕನಿಗೆ ತೆರೆಯ ಮೇಲಿನ ಭಯವು ಬಹುಮಟ್ಟಿಗೆ ಹೊರನಾಡಿನ ಸರಕಾಗಿಯೇ ಒದಗಿತು. 2018ರ ಕೊನೆಗೆ ರೆಕ್ಸ್ ಕೂಡ ಮುಚ್ಚಿತು. ಆ ಮೂರೂ ಇಂದಿಲ್ಲ.

ಕನ್ನಡದ ಕೃತಿಗಳಲ್ಲಿ ಮೊದಲು ನೋಡತಕ್ಕುದು ‘ನಾ ನಿನ್ನ ಬಿಡಲಾರೆ’ (1979). ಗಂಡಿನ ಮೈಯನ್ನು ಹೆಣ್ಣಿನ ಪ್ರೇತವು ಹೊಗುವ ಈ ಕಥೆಯಲ್ಲಿ ಅನಂತನಾಗ್ ಅವರ ಅಭಿನಯವು ಇಂದಿಗೂ ಮಾಸಿಲ್ಲ. ಪರಿಹಾರವು ದೈವಕೃಪೆಯಿಂದ ಒದಗುತ್ತದೆ. ಪಿ. ವಾಸು ನಿರ್ದೇಶಿಸಿದ ‘ಆಪ್ತಮಿತ್ರ’ (2004) ಮಲಯಾಳದ ‘ಮಣಿಚಿತ್ರತಾಳ್’ (1993) ಚಿತ್ರದ ರೂಪಾಂತರ. ಇಲ್ಲಿ ಪ್ರೇತದ ಸ್ಥಾನವನ್ನು ಮನೋರೋಗವು ಪಡೆದರೂ ವೈದ್ಯನು ಮಂತ್ರವಾದಿಯ ನೆರವನ್ನು ಕೈಬಿಡುವುದಿಲ್ಲ. ಅರಸನ ಕ್ರೌರ್ಯಕ್ಕೆ ಬಲಿಯಾದ ನರ್ತಕಿಯ ಕಥೆಯಾದುದರಿಂದ ಅರಮನೆಯೇ ವಿಭಾವ. ಪ್ರೇಕ್ಷಕನು ಅದನ್ನು ಅಲ್ಲಿಯೇ ಬಿಟ್ಟು ನಿಶ್ಚಿಂತನಾಗಿ ಮನೆಗೆ ಮರಳಬಲ್ಲನು.

ಮನೆಯ ಬಾಗಿಲಿಗೇ ಬಂದ ಭಯವೆಂದರೆ 1990ರ ದಶಕದ ‘ನಾಳೆ ಬಾ’ ವದಂತಿ. ಬಂಧುಗಳ ದನಿಯಲ್ಲಿ ಕರೆಯುವ ಪ್ರೇತವನ್ನು ತಡೆಯಲು ಜನರು ಕದದ ಮೇಲೆ ಈ ಎರಡು ಪದಗಳನ್ನು ಬರೆದರು. ಓದಬಲ್ಲ, ಓದಿದುದನ್ನು ಪಾಲಿಸಬಲ್ಲ ಪ್ರೇತ! ತಮಿಳು, ಉರ್ದು, ಇಂಗ್ಲಿಷುಗಳು ಬೆರೆತ ಶಿವಾಜಿನಗರ, ಹಲಸೂರುಗಳಲ್ಲಿ ಆ ಪ್ರೇತಕ್ಕೆ ಯಾವ ಲಿಪಿಯಲ್ಲಿ ಬರೆಯಬೇಕೆಂಬ ಪ್ರಶ್ನೆಯೊಂದೇ ಒಂದು ಚಿತ್ರಕ್ಕೆ ಸಾಕಾಗುವ ವಸ್ತು. ಇಂಥದೇ ಬರಹವನ್ನು ಗೋಡೆಗಳ ಮೇಲೆ ಕಾಣಿಸಿದ ಹಿಂದಿಯ ‘ಸ್ತ್ರೀ’ (2018) ಕಥೆಯನ್ನು ಮಧ್ಯಪ್ರದೇಶದ ಚಂದೇರಿಯಲ್ಲಿ ನಡೆಸಿ, ಅದನ್ನು ಹಾಸ್ಯದೊಡನೆ ಬೆರೆಸಿತು.

ಪವನ್ ಕುಮಾರರ ‘ಯು-ಟರ್ನ್’ (2016) ಈ ದೃಷ್ಟಿಯಿಂದ ಮಹತ್ತ್ವದ್ದು. ಇದರ ವಿಭಾವವು ಡಬಲ್ ರೋಡಿನ ಮೇಲ್ಸೇತುವೆ. ಸುತ್ತಿ ಹೋಗುವ ಬೇಸರಕ್ಕೆ ಸವಾರರು ರಸ್ತೆವಿಭಜಕದ ಕಲ್ಲುಗಳನ್ನು ಸರಿಸಿ ವಾಹನ ತಿರುಗಿಸುತ್ತಾರೆ, ಕಲ್ಲುಗಳು ದಾರಿಯಲ್ಲಿಯೇ ಉಳಿಯುತ್ತವೆ, ತಾಯಿಮಗಳಿಬ್ಬರು ಸಾಯುತ್ತಾರೆ. ಇಲ್ಲಿ ಖಳನಿಲ್ಲ, ಅವಸರವುಳ್ಳ ನಾಗರಿಕನಿದ್ದಾನೆ. ಶೂನ್ಯಗೃಹದ ಭಯವನ್ನು ದಿನನಿತ್ಯದ ಹಾದಿಗೆ ತಂದುದೇ ಇದರ ಸಾಧನೆ. ದೋಷವೂ ಇಲ್ಲದಿಲ್ಲ. ಸಣ್ಣ ತಪ್ಪಿಗೆ ಮರಣವೇ ದಂಡನೆಯೆಂಬುದು ನ್ಯಾಯಬುದ್ಧಿಗೆ ಒಪ್ಪದು. ಸರಿಸಲು ಬರುವಂತೆ ಕಲ್ಲುಗಳನ್ನು ಇಟ್ಟ ವ್ಯವಸ್ಥೆಯನ್ನು ಚಿತ್ರವು ವಿಚಾರಣೆಗೆ ಗುರಿಪಡಿಸುವುದಿಲ್ಲ. ಆದರೂ ಅಂತ್ಯದಲ್ಲಿ ಅತ್ಯಂತ ಕಠಿಣವಾದ ಶಿಕ್ಷೆಯು ಸಾವಲ್ಲ, ತಿಳಿದೂ ಬದುಕುವುದು ಎಂದು ತೋರಿಸಿರುವುದು ಉಚಿತವಾಗಿದೆ.

ಇದೇ ಮಾರ್ಗದಲ್ಲಿ ಮುಂದಣ ಕೃತಿಗಳು ಹೊರಡಬೇಕು. 1809ರಲ್ಲಿ ನೆಲೆಗೊಂಡ ದಂಡುಪ್ರದೇಶಕ್ಕೆ 1898ರಲ್ಲಿ ಪ್ಲೇಗು ಬಡಿಯಿತು. ಅದರ ಬಳಿಕ ಫ್ರೇಜರ್ ಟೌನಿನಂಥ ಬಡಾವಣೆಗಳು ಎದ್ದವು. ನಗರದಲ್ಲಿ ಪ್ಲೇಗಮ್ಮನ ಗುಡಿಗಳೂ ಎದ್ದವು. ಭಯವು ಒಂದೆಡೆ ನಗರಯೋಜನೆಯಾಯಿತು, ಇನ್ನೊಂದೆಡೆ ದೇವತೆಯಾಯಿತು. ಸತ್ತವರ ಕಥೆ ಮಾತ್ರ ತೆರೆಗೆ ಬರಬೇಕಾಗಿದೆ. ಅಧ್ಯಾಪಕರು ‘ಯು-ಟರ್ನ್’ ಚಿತ್ರವನ್ನು ನಗರಚರಿತ್ರೆಯ ತರಗತಿಯಲ್ಲಿ ತೋರಿಸಿ, ನಮ್ಮ ಬೀದಿಯಲ್ಲಿ ಯಾರ ಸಾವು ಲೆಕ್ಕಕ್ಕೆ ಬಂದಿಲ್ಲವೆಂದು ವಿದ್ಯಾರ್ಥಿಗಳನ್ನು ಕೇಳಿದರೆ ಆ ಪಾಠವು ಸಾರ್ಥಕವಾಗುವುದು.