ಕಂದರನ ಷರತ್ತು

‘ಭೀಷ್ಮ ಪ್ರತಿಜ್ಞೆ’ ಯಕ್ಷಗಾನ ಪ್ರಸಂಗದಲ್ಲಿ ನೋಡುವವರ ಕಣ್ಣೆಲ್ಲ ಶಂತನು ರಾಜನ ಮಗ, ಮುಂದೆ ಭೀಷ್ಮನಾಗುವ ದೇವವ್ರತನ ಮೇಲೆ. ಮತ್ಸ್ಯಗಂಧಿಯ ಸಾಕುತಂದೆ ಕಂದರ ರಂಗಕ್ಕೆ ಬಂದರೆ ಮಾತು ಹಾಸ್ಯದ ಕಡೆಗೆ ಜಾರುವುದೇ ಹೆಚ್ಚು. ಅರಮನೆಯ ಸಂಬಂಧ ಕಂಡು ಆಸೆಗೆ ಬಿದ್ದ ದೋಣಿಗಾರ ಎಂಬಷ್ಟಕ್ಕೆ ಅವನನ್ನು ಇಳಿಸಿಬಿಡುತ್ತೇವೆ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೇಳಗಳ ಸೀಮೆಯಲ್ಲಾದರೂ ಈ ಪಾತ್ರವನ್ನು ಬೇರೆ ಬಗೆಯಲ್ಲಿ ಓದಬೇಕು. ಸಾಕಿದ ಹೆಣ್ಣುಮಗುವಿಗೆ ಅನ್ನ, ಅಕ್ಕರೆ ಕೊಟ್ಟರೆ ಸಾಲದು, ಹಕ್ಕನ್ನೂ ಗಟ್ಟಿ ಮಾಡಿಕೊಡಬೇಕು ಎಂದು ಸಾಕ್ಷಿಗಳ ಮುಂದೆ ಹಟ ಹಿಡಿದ ತಂದೆ ಅವನು.

ಕಥೆಯ ಮೊದಲ ಭಾಗವನ್ನು ನೆನೆಯಿರಿ. ಮೀನಿನ ಹೊಟ್ಟೆಯಲ್ಲಿ ಅವಳಿ ಮಕ್ಕಳು ಸಿಕ್ಕಾಗ ವಸುರಾಜ ಗಂಡನ್ನು ಅರಮನೆಗೆ ಕರೆದೊಯ್ದ, ಹೆಣ್ಣನ್ನು ಬೆಸ್ತನಿಗೆ ಬಿಟ್ಟ. ಗಂಡು ಮತ್ಸ್ಯದೇಶದ ಅರಸನಾದ, ಹೆಣ್ಣು ಯಮುನೆಯಲ್ಲಿ ದೋಣಿ ನಡೆಸಿದಳು. ಅವಳು ಒಬ್ಬ ರಾಜನ ಮನೆಯಲ್ಲಿ ಕಳೆದುಕೊಂಡದ್ದನ್ನು, ಅವಳನ್ನು ಬಯಸಿ ಬಂದ ರಾಜ ಶಂತನುವಿನಿಂದ ಕೇಳಿದವನು ಕಂದರ: ಇವಳ ಹೊಟ್ಟೆಯಲ್ಲಿ ಹುಟ್ಟಿದವನಿಗೇ ಪಟ್ಟ. ಶಕುಂತಳೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಇದರ ತೂಕ ತಿಳಿಯುತ್ತದೆ. ಮೂಲ ಭಾರತದಲ್ಲಿ ಅವಳೂ ದುಷ್ಯಂತನಿಗೆ ಇದೇ ಷರತ್ತು ಹಾಕಿದ್ದಳು. ಆದರೆ ಕಣ್ವ ಆಶ್ರಮದಲ್ಲಿರಲಿಲ್ಲ, ಸಾಕ್ಷಿಯೂ ಇರಲಿಲ್ಲ. ತುಂಬಿದ ಸಭೆಯಲ್ಲಿ ಅರಸ ಗುರುತಿಲ್ಲವೆಂದಾಗ ಅವಳ ಪರವಾಗಿ ಅಶರೀರವಾಣಿಯೇ ನುಡಿಯಬೇಕಾಯಿತು. ನೇಗಿಲ ಗೆರೆಯಲ್ಲಿ ಸಿಕ್ಕ ಸೀತೆಗೂ ಕೊನೆಗೆ ಉಳಿದದ್ದು ಭೂಮಿಯೇ, ಜನಕನ ಮನೆಯಲ್ಲ.

ನಮ್ಮ ಬೇಸಾಯದ ಮನೆಗಳ ಸಾಕುಮಗಳ ಪಾಡು ಇದಕ್ಕೆ ದೂರವಲ್ಲ. ತಬ್ಬಲಿ ಹುಡುಗಿ ಸಂಬಂಧಿಕರ ಮನೆ ಸೇರುತ್ತಾಳೆ, ನಟ್ಟಿಗೆ ಇಳಿಯುತ್ತಾಳೆ, ಗಂಟಿಗಳನ್ನು ನೋಡಿಕೊಳ್ಳುತ್ತಾಳೆ, ಮನೆಯವರು ಮದುವೆಯನ್ನೂ ಮಾಡಿಕೊಡುತ್ತಾರೆ. ಪಹಣಿಯಲ್ಲಿ ಮಾತ್ರ ಅವಳ ಹೆಸರಿಲ್ಲ. 1956ರ ಹಿಂದೂ ದತ್ತಕ ಕಾಯ್ದೆ ಹೆಣ್ಣುಮಗುವಿನ ದತ್ತಕಕ್ಕೂ ದಾರಿ ತೆರೆಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳು ಹಿರಿಯರ ಆಸ್ತಿಗೆ ಮಗನಷ್ಟೇ ಪಾಲುದಾರಳಾದಳು. ದತ್ತಕವಾಗದೆ ಬರೀ ಸಾಕಿಸಿಕೊಂಡವಳಿಗೆ ಇವೆರಡೂ ಒದಗುವುದಿಲ್ಲ. ವೀಲುನಾಮೆಯಿಲ್ಲದೆ ಸಾಕಿದವರು ತೀರಿಕೊಂಡರೆ ವಾರಸುದಾರರ ಸಾಲಿನಲ್ಲಿ ಅವಳಿಗೆ ಜಾಗವಿಲ್ಲ. ಆದರೆ ನಮ್ಮ ಕರಾವಳಿಯ ಅಳಿಯಸಂತಾನ ಕಟ್ಟಿನಲ್ಲಿ ಕುಟುಂಬದ ಸಂತತಿ ನಿಲ್ಲುವಂತಾದರೆ ಹೆಣ್ಣನ್ನೇ ದತ್ತು ತೆಗೆದುಕೊಳ್ಳುವ ರೂಢಿಯಿತ್ತು. ತಾಯಿಯ ಕಡೆಯಿಂದ ಆಸ್ತಿ ಹರಿದ ಈ ಕರಾವಳಿಯಲ್ಲೇ ಕಂದರನ ಬೇಡಿಕೆ ನಗೆಗೀಡಾಗುವುದು ಸೋಜಿಗ.

ಕುರುವಂಶದ ಕೇಡಿಗೆಲ್ಲ ಆ ಷರತ್ತೇ ಮೂಲವಲ್ಲವೇ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಹುರುಳಿದೆ. ಪಟ್ಟ ಬಿಟ್ಟುಕೊಟ್ಟ ಮೇಲೂ ದೇವವ್ರತನ ಮುಂದಿನ ಮಕ್ಕಳ ಮಾತೆತ್ತಿ, ಅವನು ಮದುವೆಯನ್ನೇ ತೊರೆಯುವಂತೆ ಮಾಡಿದ್ದು ಕಂದರನ ಅತಿ. ಮಗಳ ಭದ್ರತೆಗೆ ಇನ್ನೊಬ್ಬನ ಬದುಕನ್ನು ಒತ್ತೆಯಿಡಬಾರದಿತ್ತು. ಆದರೂ ಬಯಸಿ ಬಂದವನು ಶಂತನು. ಒಲ್ಲೆ ಎಂದು ಮರಳಲು ಅವನಿಗೆ ಯಾರ ಅಡ್ಡಿಯೂ ಇರಲಿಲ್ಲ. ಕೊನೆಯ ಬೆಲೆ ತೆತ್ತವನು ಮಗ ಎಂಬುದರ ಹೊಣೆಯನ್ನು ಬೆಸ್ತನೊಬ್ಬನ ತಲೆಗೇ ಕಟ್ಟುವುದರಲ್ಲಿ ಅರಮನೆಯ ಮುಲಾಜು ಕಾಣುತ್ತದೆ.

ಪ್ರೀತಿ ಇರುವಲ್ಲಿ ಕಾಗದಪತ್ರ ಏಕೆ ಎಂಬುದು ಇನ್ನೊಂದು ಆಕ್ಷೇಪ, ಕೇಳಲು ಹಿತವಾದದ್ದು ಕೂಡ. ಸಾಕಿದವರ ಪ್ರೀತಿ ಅವರು ಬದುಕಿರುವ ತನಕ ಕಾಯುತ್ತದೆ. ಆಮೇಲೆ ಪಾಲುಪಟ್ಟಿಗೆ ಕೂರುವವರು ಬೇರೆಯವರು, ಅವರಿಗೆ ಅವಳು ಮನೆಯಲ್ಲಿ ಬೆಳೆದ ಹುಡುಗಿ ಅಷ್ಟೇ. ಇನ್ನು, ಅವಳಿಂದ ಕೆಲಸ ಮಾಡಿಸಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಗದ್ದೆಯ ಮನೆಯಲ್ಲಿ ಹೆತ್ತ ಮಕ್ಕಳೂ ದುಡಿದಿದ್ದಾರೆ. ದುಡಿದ ಗದ್ದೆಯಲ್ಲಿ ಅವರಿಗೆ ಪಾಲಿದೆ, ಇವಳಿಗಿಲ್ಲ, ತಕರಾರು ಅಲ್ಲಿದೆ.

ಹಾಗಾಗಿ ಕಂದರನ ಪಾತ್ರ ವಹಿಸುವ ಕಲಾವಿದರು ಆ ಷರತ್ತಿನ ಮಾತನ್ನು ನಗೆಗೆ ಬಿಡದೆ ತಂದೆಯ ವಾದವಾಗಿ ಮಂಡಿಸಲಿ. ಮನೆಯಲ್ಲಿ ಸಾಕುಮಗಳಿರುವವರು ಒಂದನ್ನು ಗಮನಿಸಬೇಕು: 1956ರ ಕಾಯ್ದೆಯಂತೆ, ರೂಢಿ ಬೇರೆ ಇದ್ದ ಹೊರತು, ಹದಿನೈದು ತುಂಬಿದ ಮೇಲೆ ದತ್ತಕಕ್ಕೆ ಅವಕಾಶವಿಲ್ಲ. ಆ ವಯಸ್ಸು ದಾಟಿದ್ದರೆ ಸ್ವಂತ ಆಸ್ತಿಯ ಮಟ್ಟಿಗಾದರೂ ವೀಲುನಾಮೆಯನ್ನೋ ದಾನಪತ್ರವನ್ನೋ ಈಗಲೇ ಮಾಡಿಸಿಡಿ.